ಬೀಗರೂಟಕ್ಕೆ ಬಂತು ಐಸ್ ವಿಸ್ಕಿ. ಅಳತೆ ತಪ್ಪಿದರೆ ಕಷ್ಟ!

ತಳಿ: ಬೀಗರೂಟ ಅಂದರೆ ಈ ಕಡೆ ಮಟನ್ ಸಾರು, ರಾಗಿ ಮುದ್ದೆ, ಜತೆಗೆ ಮನೆ ಹಿಂದಿನ ಹುಣಸೆ ಮರದಡಿ ಗಂಡಸರ ಗುಂಪು. ಹೊಸತೊಡಕಿನ ದಿನವೂ ಅಷ್ಟೇ. ಬಾಟಲಿ, ಗ್ಲಾಸು, ಉಪ್ಪಿನಕಾಯಿ ಎಲ್ಲ ಮರೆಯಲ್ಲೇ. ಹೆಂಗಸರು, ಮಕ್ಕಳು ಆ ದಿಕ್ಕಿಗೆ ಸುಳಿಯುವಂತಿಲ್ಲ. ಹಿರಿಯ ಮಾವ ಬಂದರೆ ಅಳಿಯಂದಿರು ಗ್ಲಾಸು ಬೆನ್ನ ಹಿಂದೆ ಹಿಡಿಯಬೇಕು.

ಬೆಂಗಳೂರಿನಲ್ಲಿ ಕೆಲಸಕ್ಕಿರುವ ಹುಡುಗರು ಮೊಬೈಲ್‌ನಲ್ಲಿ ನೋಡಿ ಕಲಿತು ತರುವ ಹೊಸ ಪದಾರ್ಥ ಈ ಮರೆಯನ್ನು ಕಿತ್ತು ಹಾಕುತ್ತದೆ. ಅದರ ಹೆಸರು ವಿಸ್ಕಿ ಸ್ಲಶ್. ಬಾಟಲಿ ಮರದಡಿಯಿಂದ ಎದ್ದು ನೇರ ಅಡುಗೆಮನೆಯ ಫ್ರಿಜ್‌ಗೇ ಬರುತ್ತದೆ. ‘ಇದೇನು ಬಾವ, ಜ್ಯೂಸಾ?’ ಅಂತ ಯಾರಾದರೂ ಕೇಳಿದರೆ ತಪ್ಪು ಅವರದಲ್ಲ. ನೋಡಲು ಅದು ಜ್ಯೂಸೇ.

ನಮಗೆ ಹೊಸದಾದರೂ ಅಮೆರಿಕದಲ್ಲಿ ಇದು ಹಳೆಯದು. ಅಲ್ಲಿನ ವಿಸ್ಕಾನ್ಸಿನ್ ರಾಜ್ಯದಲ್ಲಿ ಹಬ್ಬಕ್ಕೆ ನೆಂಟರು ಸೇರಿದಾಗ ಡಬ್ಬಗಟ್ಟಲೆ ಬ್ರಾಂಡಿ ಸ್ಲಶ್ ಮಾಡಿಡುತ್ತಾರೆ. ಬೇರೆ ಕಡೆ ಬ್ರಾಂಡಿ ಬದಲು ವಿಸ್ಕಿ. ‘ಲಿಟಲ್ ಇಂಗ್ಲೆಂಡ್’ ಅಂತ ಹೆಸರು ಪಡೆದ ತಳಿಯ ಚಳಿಗೆ ಐಸ್ ಯಾಕೆ ಬೇಕಿತ್ತು ಅನ್ನುವವರೂ ಇದ್ದಾರೆ. ಆದರೆ ಬೀಗರೂಟ ಹೆಚ್ಚಾಗಿ ಬೇಸಿಗೆಯಲ್ಲೇ ಬರುತ್ತದಲ್ಲ!

ಮಾಡುವುದು ಕಷ್ಟವಲ್ಲ. ಒಂದು ಲೀಟರ್ ನೀರಿಗೆ ಕಾಲು ಕೆ.ಜಿ. ಸಕ್ಕರೆ ಹಾಕಿ ಕುದಿಸಿ ಆರಿಸಬೇಕು. ಹಾಲು ಹಾಕದ ಗಟ್ಟಿ ಟೀ ಡಿಕಾಕ್ಷನ್ 300 ಮಿ.ಲೀ., ಕಿತ್ತಳೆ ರಸ ಕಾಲು ಲೀಟರ್, ನಿಂಬೆ ರಸ 100 ಮಿ.ಲೀ. ಸೇರಿಸಬೇಕು. ಜಜ್ಜಿದ ಶುಂಠಿ, ತೋಟದ ಪುದೀನ ಹಾಕಿದರೆ ನಮ್ಮ ಊರಿನ ರುಚಿ. ಕೊನೆಗೆ ಎರಡು ಕ್ವಾರ್ಟರ್, ಅಂದರೆ 360 ಮಿ.ಲೀ. ವಿಸ್ಕಿ. ಮುಚ್ಚಳದ ಡಬ್ಬಕ್ಕೆ ಸುರಿದು ಫ್ರೀಜರ್‌ನಲ್ಲಿ ಒಂದು ರಾತ್ರಿ ಇಟ್ಟು, ಮಾರನೆ ದಿನ ಚಮಚದಲ್ಲಿ ಕೆರೆದು ಗ್ಲಾಸಿಗೆ ಹಾಕಿ ಮೇಲೆ ಸೋಡಾ. ಇದಕ್ಕೆ ದುಬಾರಿ ವಿಸ್ಕಿ ದಂಡ. ತಣ್ಣಗಾದಷ್ಟೂ ಅದರ ಪರಿಮಳ ನಾಲಗೆಗೆ, ಮೂಗಿಗೆ ತಿಳಿಯುವುದಿಲ್ಲ. ಬೆಂಗಳೂರಿನ ಅಮೃತ್ ಕಂಪನಿಯವರು 2004ರಲ್ಲಿ ಸ್ಕಾಟ್ಲೆಂಡಿನ ಗ್ಲಾಸ್ಗೋಗೇ ಹೋಗಿ ಬಿಡುಗಡೆ ಮಾಡಿದ ಸಿಂಗಲ್ ಮಾಲ್ಟ್ ಅನ್ನು ಕಿತ್ತಳೆ ರಸದಲ್ಲಿ ಮುಳುಗಿಸುವುದು ಅನ್ಯಾಯವೇ ಸರಿ.

ಇದು ಕಲ್ಲಾಗದೆ ಮರಳು ಮರಳಾಗಿ ಉಳಿಯುವುದಕ್ಕೆ ಕಾರಣ ಆಲ್ಕೋಹಾಲ್ ಮತ್ತು ಸಕ್ಕರೆ. ನೀರು ಸೊನ್ನೆ ಡಿಗ್ರಿಯಲ್ಲಿ ಹೆಪ್ಪುಗಟ್ಟಿದರೆ ಶುದ್ಧ ಆಲ್ಕೋಹಾಲ್‌ಗೆ ಮೈನಸ್ 114 ಡಿಗ್ರಿ ಬೇಕು. ಮನೆಯ ಫ್ರೀಜರ್ ಹೋಗುವುದು ಮೈನಸ್ 18ರವರೆಗೆ. ಒಂದೇ ಬಾಗಿಲಿನ ಹಳೇ ಫ್ರಿಜ್‌ನ ಐಸ್ ಪೆಟ್ಟಿಗೆಗೆ ಅಷ್ಟು ಶಕ್ತಿಯಿಲ್ಲ. ನಡುವೆ ಕರೆಂಟ್ ಹೋದರೆ ಮುಗಿಯಿತು, ಬರೀ ಪಾನಕ.

ಲೆಕ್ಕ ತಪ್ಪುವುದು ಇಲ್ಲೇ

ಮೇಲಿನ ಅಳತೆಯಲ್ಲಿ ಎರಡು ಲೀಟರ್ ಮೇಲೆ ಸ್ವಲ್ಪ ಆಗುತ್ತದೆ. 200 ಮಿ.ಲೀ. ಗ್ಲಾಸಿಗೆ ಬೀಳುವುದು ಸುಮಾರು 33 ಮಿ.ಲೀ. ವಿಸ್ಕಿ, ಒಂದು ಸಣ್ಣ ಪೆಗ್‌ಗಿಂತ ತುಸು ಹೆಚ್ಚು. ‘ಏನೂ ಗೊತ್ತಾಗ್ತಿಲ್ಲ’ ಅಂತ ಅದೇ ಪಾಕಕ್ಕೆ 750 ಮಿ.ಲೀ. ಫುಲ್ ಬಾಟಲಿ ಸುರಿದರೆ ಅದೇ ಗ್ಲಾಸಿನಲ್ಲಿ 59 ಮಿ.ಲೀ. ಸಿಹಿಯೂ ತಂಪೂ ಸೇರಿ ಘಾಟು ಮುಚ್ಚುವುದರಿಂದ ಮೂರು ಗ್ಲಾಸು ಸಲೀಸಾಗಿ ಇಳಿಯುತ್ತದೆ. ಇಳಿದದ್ದು ಆರು ಪೆಗ್.

ಇನ್ನೊಂದು ಮರ್ಮ ಬಹಳ ಜನಕ್ಕೆ ಗೊತ್ತಿಲ್ಲ. ಮೊದಲು ಹೆಪ್ಪುಗಟ್ಟುವುದು ನೀರು. ಆಲ್ಕೋಹಾಲ್ ಹೆಚ್ಚಿನಂಶ ಹೆಪ್ಪುಗಟ್ಟದ ರಸದಲ್ಲೇ ಉಳಿದು ಡಬ್ಬದ ತಳಕ್ಕೆ ಇಳಿಯುತ್ತದೆ. ಮೇಲಿನ ಐಸ್ ತಿಂದವರಿಗೆ ಸಪ್ಪೆ, ಕೊನೆಗೆ ಡಬ್ಬ ಬಗ್ಗಿಸಿ ಕುಡಿದವರಿಗೆ ಏಟು. ಹಾಗಾಗಿ ಕೆರೆಯುವ ಮೊದಲು ತಳದಿಂದ ಚೆನ್ನಾಗಿ ಕಲಸಲೇಬೇಕು.

ಗಡಿಯ ಕಥೆ ಬೇರೆ

ಮದ್ಯದ ವಿಷಯದಲ್ಲಿ ಈ ಸೀಮೆಯದು ಉದ್ದದ ಚರಿತ್ರೆ. ಹೊಸೂರು ಬಳಿಯ ತೊರಪಳ್ಳಿಯಲ್ಲಿ ಹುಟ್ಟಿದ ರಾಜಾಜಿ ಮದ್ರಾಸ್ ಪ್ರಾಂತ್ಯದ ಪ್ರಧಾನಿಯಾದಾಗ, 1937ರ ಅಕ್ಟೋಬರ್ 1ರಂದು ಪಾನನಿಷೇಧ ಮೊದಲು ಜಾರಿಗೆ ತಂದಿದ್ದು ಸೇಲಂ ಜಿಲ್ಲೆಯಲ್ಲಿ. ಹೊಸೂರು, ತಳಿ ಆಗ ಅದೇ ಜಿಲ್ಲೆಗೆ ಸೇರಿದ್ದವು. ಕಾಲ ತಿರುಗಿ, 2003ರ ನವೆಂಬರ್‌ನಿಂದ ತಮಿಳುನಾಡಿನಲ್ಲಿ ಚಿಲ್ಲರೆ ಮದ್ಯ ಮಾರುವುದು ಸರಕಾರದ ಟಾಸ್ಮ್ಯಾಕ್ ಅಂಗಡಿಯೇ. ಆನೇಕಲ್, ಅತ್ತಿಬೆಲೆ ಕಡೆಯಿಂದ ಬರುವ ನೆಂಟರು ಕಾರಿನಲ್ಲಿ ಬಾಟಲಿ ಇಟ್ಟುಕೊಂಡು ಬಂದರೆ ಚೆಕ್‌ಪೋಸ್ಟ್‌ನಲ್ಲಿ ಕೇಸು ಬೀಳಬಹುದು. ಬೀಗರಿಗೆ ಮೊದಲೇ ಹೇಳಿಬಿಡುವುದು ವಾಸಿ.

ಅಗ್ಗಕ್ಕೆ ಸಿಗುವ ಲೇಬಲ್ ಇಲ್ಲದ ಮಾಲಿನ ಮಾತಂತೂ ಬೇಡವೇ ಬೇಡ. ಕರ್ನಾಟಕದಲ್ಲಿ 2007ರ ಜುಲೈ 1ರಿಂದ ಸಾರಾಯಿ ನಿಂತಿತು. ಮರುವರ್ಷ ಮೇ ತಿಂಗಳಲ್ಲಿ ಆನೇಕಲ್, ಕೋಲಾರ, ಕೃಷ್ಣಗಿರಿ ಭಾಗದಲ್ಲಿ ಕಳ್ಳ ಸಾರಾಯಿ ಕುಡಿದು ನೂರಕ್ಕೂ ಹೆಚ್ಚು ಜನ ಸತ್ತರು. ಅದರಲ್ಲಿದ್ದದ್ದು ಮೆಥನಾಲ್. ಹಣ್ಣಿನ ರಸ ಬೆರೆಸಿದರೆ ಅದರ ವಾಸನೆ ಮುಚ್ಚೀತು. ಫ್ರೀಜರ್‌ನಲ್ಲಿಟ್ಟರೂ ವಿಷ ಮಾತ್ರ ಹೋಗದು.

ಊಟ ಮುಗಿದ ಮೇಲೆ ಮನೆಗೆ ಹೋಗುವ ದಾರಿಯೂ ಇದೆ. ಜವಳಗಿರಿ ಕಾಡಿನ ರಸ್ತೆಯಲ್ಲಿ ಕತ್ತಲಾದ ಮೇಲೆ ಆನೆ ಎದುರಾದರೆ ಕುಡಿಯದವನಿಗೇ ಕೈಕಾಲು ಆಡುವುದಿಲ್ಲ. ರಕ್ತದ 100 ಮಿ.ಲೀ.ನಲ್ಲಿ 30 ಮಿ.ಗ್ರಾಂ.ಗಿಂತ ಹೆಚ್ಚು ಆಲ್ಕೋಹಾಲ್ ಇದ್ದರೆ ಗಾಡಿ ಓಡಿಸುವುದು ಅಪರಾಧ. 2019ರ ತಿದ್ದುಪಡಿಯಂತೆ ಮೊದಲ ಸಲಕ್ಕೇ 10 ಸಾವಿರ ರೂ. ದಂಡ ಇಲ್ಲವೇ ಜೈಲು. ‘ಬರೀ ಐಸ್ ತಿಂದೆ ಸಾರ್’ ಅಂದರೆ ಊದುವ ಮೆಷಿನ್ ಕೇಳುವುದಿಲ್ಲ.

ಎಲ್ಲಕ್ಕಿಂತ ದೊಡ್ಡ ಭಯ ಮಕ್ಕಳದು. ಮರದಡಿಯ ಬಾಟಲಿ ಮಕ್ಕಳ ಕೈಗೆ ಸಿಗುತ್ತಿರಲಿಲ್ಲ, ಫ್ರಿಜ್ ಬಾಗಿಲನ್ನು ದಿನಕ್ಕೆ ಹತ್ತು ಸಲ ತೆಗೆಯುವವರೇ ಅವರು. ಕಿತ್ತಳೆ ಬಣ್ಣದ ಐಸ್ ಕಂಡರೆ ಬಿಡುತ್ತಾರೆಯೇ? ಅದಕ್ಕೆ ಎರಡು ಪಾತ್ರೆ ಮಾಡುವುದು ಒಳ್ಳೆಯದು. ವಿಸ್ಕಿಯದು ಬೇರೆ ಬಣ್ಣದ ಡಬ್ಬ, ಮೇಲೆ ದಪ್ಪಕ್ಷರದ ಚೀಟಿ, ಆದರೆ ಬೀಗ ಇರುವ ಫ್ರಿಜ್. ಮಕ್ಕಳಿಗೆ ಅದೇ ಪಾಕ ವಿಸ್ಕಿ, ಟೀ ಇಲ್ಲದೆ ಸ್ಟೀಲ್ ಡಬ್ಬಿಯಲ್ಲಿ. ಇದು ಬಹಳ ಗಟ್ಟಿಯಾಗುತ್ತದೆ, ಊಟಕ್ಕೆ ಅರ್ಧ ಗಂಟೆ ಮೊದಲೇ ಹೊರಗೆ ತೆಗೆದಿಡಬೇಕು.