ಬಿಸಿ ಎಲ್ಲಿ ಸೋರಿತು?

ಸ್ಪೇನಿನ ಗ್ರನಾಡ ಪ್ರಾಂತ್ಯದ ಅಂಡಾಸೋಲ್ ಸ್ಥಾವರದಲ್ಲಿ ನಮ್ಮ ಪಾವಗಡದಲ್ಲಿರುವಂಥ ಸೌರಫಲಕಗಳಿಲ್ಲ. ಇರುವುದು ಸಾಲುಸಾಲು ಬಾಗಿದ ಕನ್ನಡಿಗಳು. 50 ಮೆಗಾವಾಟ್‌ನ ಮೊದಲ ಘಟಕದಲ್ಲೇ ಎರಡು ಲಕ್ಷಕ್ಕೂ ಹೆಚ್ಚು. ಅವು ಬಿಸಿಲನ್ನೆಲ್ಲ ತಮ್ಮೆದುರಿನ ಕೊಳವೆಯೊಂದಕ್ಕೆ ಗುರಿಯಿಡುತ್ತವೆ. ಕೊಳವೆಯಲ್ಲಿ ಹರಿಯುವ ಎಣ್ಣೆ ಸುಮಾರು 390 ಡಿಗ್ರಿ ಸೆಲ್ಸಿಯಸ್‌ವರೆಗೆ ಕಾದು, ಆ ಶಾಖದಿಂದ ಹುಟ್ಟಿದ ಹಬೆ ಟರ್ಬೈನ್ ತಿರುಗಿಸುತ್ತದೆ.

ಸ್ಥಾವರದ ಜೀವವೆಲ್ಲ ಆ ಕೊಳವೆಯಲ್ಲಿ. ಒಳಗೆ ಉಕ್ಕು, ಹೊರಗೆ ಗಾಜು, ನಡುವೆ ನಿರ್ವಾತ. ಥರ್ಮಾಸ್ ಫ್ಲಾಸ್ಕಿನ ಉಪಾಯವೇ. ಆದರೆ ವರ್ಷಗಟ್ಟಲೆ ಕಾದ ಎಣ್ಣೆ ನಿಧಾನವಾಗಿ ವಿಘಟನೆಗೊಂಡು ಜಲಜನಕ ಬಿಡುತ್ತದೆ. ಅದರದ್ದು ಎಷ್ಟು ಸಣ್ಣ ಕಣವೆಂದರೆ, ಉಕ್ಕಿನ ಗೋಡೆಯನ್ನೇ ತೂರಿಕೊಂಡು ನಿರ್ವಾತದೊಳಕ್ಕೆ ನುಗ್ಗುತ್ತದೆ. ಆಮೇಲೆ ಶಾಖ ಗಾಜಿಗೆ ದಾಟಿ ಗಾಳಿಪಾಲು. ಕಣ್ಣಿಗೆ ಮಾತ್ರ ಗಾಜು ಮೊದಲಿನಂತೆಯೇ ಫಳಫಳ.

ಥರ್ಮಲ್ ಕ್ಯಾಮೆರಾ ಹೊತ್ತ ಡ್ರೋನ್ ಹಾರಿಸಿದರೆ ಬಿಸಿಯೇರಿದ ಗಾಜು ಎದ್ದು ಕಾಣುತ್ತದೆ, ನಿಜ. ಆದರೆ ಡ್ರೋನ್ ಇಡೀ ದಿನ ಹಾರುವುದಿಲ್ಲ. ಸದಾ ಎಚ್ಚರವಿರುವವು ಸೆನ್ಸರ್‌ಗಳು. ಅವು ಕೊಡುವ ತಾಪಮಾನ, ಬಿಸಿಲಿನ ತೀವ್ರತೆ, ಎಣ್ಣೆಯ ಹರಿವು ಇಷ್ಟನ್ನೂ ಕಂಪ್ಯೂಟರಿನ ನರಜಾಲಕ್ಕೆ ಉಣಿಸಿ, ಈ ಹೊತ್ತಿಗೆ ಎಣ್ಣೆ ಎಷ್ಟು ಬಿಸಿಯಾಗಿರಬೇಕಿತ್ತು ಎಂದು ಅಂದಾಜಿಸಲು ಕಲಿಸಬಹುದು. ಅಂದಾಜಿಗೂ ಅಳತೆಗೂ ಅಂತರ ಬೆಳೆದರೆ ಏನೋ ಕೆಟ್ಟಿದೆಯೆಂದೇ ಅರ್ಥ.

ಆ ‘ಏನೋ’ ಏನು ಎಂಬುದೇ ತಲೆನೋವು. ಕನ್ನಡಿಗೆ ಧೂಳು ಕೂತರೂ ಎಣ್ಣೆ ಸಾಕಷ್ಟು ಕಾಯುವುದಿಲ್ಲ, ನಿರ್ವಾತ ಹೋದರೂ ಕಾಯುವುದಿಲ್ಲ, ಹರಿವು ಲೆಕ್ಕಕ್ಕಿಂತ ಹೆಚ್ಚಾದರೂ ಅಷ್ಟೇ. ನೀರಿನ ಟ್ಯಾಂಕರ್ ಕಳಿಸಬೇಕೋ, ಕೊಳವೆಯನ್ನೇ ಬದಲಿಸಬೇಕೋ?

ಸೆವಿಲ್ ವಿಶ್ವವಿದ್ಯಾಲಯದ ಸಂಶೋಧಕರು ಇದಕ್ಕೆ ಹಿಡಿದ ದಾರಿ ನನಗೆ ಬಲು ಇಷ್ಟ. ಹರಿವಿನ ದೋಷವನ್ನು ಎಣ್ಣೆಯ ಚಲನೆಯ ಲಯದಿಂದಲೇ ಪತ್ತೆಹಚ್ಚಬಹುದು. ಉಳಿದೆರಡನ್ನು ಬೇರ್ಪಡಿಸಲು, ಸಾಲಿನ ಒಂದು ಭಾಗದ ಕನ್ನಡಿಗಳನ್ನು ಬೇಕೆಂದೇ ಸೂರ್ಯನಿಂದ ಆಚೆ ತಿರುಗಿಸುವುದು. ಅಲ್ಲಿಗೆ ಬಿಸಿಲೇ ಬೀಳದ ಮೇಲೆ ಧೂಳಿನ ಮಾತೆಲ್ಲಿ? ಆ ದಾರಿಯಲ್ಲಿ ಎಣ್ಣೆ ಎಷ್ಟು ತಣಿಯಿತೋ ಅಷ್ಟೂ ಕೊಳವೆ ಬಿಟ್ಟುಕೊಟ್ಟ ಶಾಖ. ಕೊಂಚ ಉತ್ಪಾದನೆ ಕಳೆದುಕೊಂಡು ಹೆಚ್ಚು ಖಚಿತವಾದ ಉತ್ತರ ಪಡೆಯುವ ಜಾಣತನವಿದು.

ಪಾಠಕ್ಕೆಂದು ಅಸಲಿ ಸ್ಥಾವರದ ಕೊಳವೆ ಕೆಡಿಸಲು ಯಾರು ಬಿಡುತ್ತಾರೆ? ಹಾಗಾಗಿ ಗಣಿತದ ಮಾದರಿಯಲ್ಲಿ ದೋಷಗಳನ್ನು ಹುಟ್ಟಿಸಿ ನರಜಾಲವನ್ನು ಪಳಗಿಸುತ್ತಾರೆ. ಅದು ಅಸಲಿ ಸ್ಥಾವರಕ್ಕಿಳಿದಾಗ ಎದುರಾಗುವ ಮೊದಲ ಪರೀಕ್ಷೆ ಮೋಡದ್ದು. ಎಣ್ಣೆ ಹೋಗಿ ಮರಳುವ ಒಂದೊಂದು ಸುತ್ತಿನ ಕೊಳವೆ ಸುಮಾರು 600 ಮೀಟರ್ ಉದ್ದ. ಈಗ ಸುಳಿದ ಮೋಡದ ತಂಪು ಅದರ ಕೊನೆ ತಲುಪುವುದು ಕೆಲ ನಿಮಿಷಗಳ ನಂತರ. ಹಿಂದಿನ ಆ ನಿಮಿಷಗಳ ಅಂಕಿಗಳನ್ನೂ ಜೊತೆಗೆ ಕೊಡದಿದ್ದರೆ, ಆಕಾಶ ತಿಳಿಯಾದ ಮೇಲೂ ಯಂತ್ರ ಸುಮ್ಮನೆ ಕೂಗೆಬ್ಬಿಸುತ್ತದೆ.