ಮದರ್‌ಬೋರ್ಡ್ ಕೆಟ್ಟಾಗ: ಬದಲಿಸುವ ಮುನ್ನ ತಿಳಿದಿರಬೇಕಾದದ್ದು

ಮನೆಯ ಗಣಕಯಂತ್ರ ಒಂದು ದಿನ ಇದ್ದಕ್ಕಿದ್ದಂತೆ ಸ್ತಬ್ಧವಾಗುತ್ತದೆ. ಅಂಗಡಿಗೆ ಒಯ್ದರೆ ‘ಮದರ್‌ಬೋರ್ಡ್ ಹೋಗಿದೆ, ಬದಲಿಸಬೇಕು’ ಎಂಬ ಉತ್ತರ ಸಿಗುತ್ತದೆ. ನಾಸಿಕದಲ್ಲಾಗಲಿ ಛತ್ರಪತಿ ಸಂಭಾಜಿನಗರದಲ್ಲಾಗಲಿ ನೆಲೆಸಿರುವ ನಮ್ಮ ಕುಟುಂಬಗಳಿಗೆ ಈ ಮಾತು ಹೊಸದಲ್ಲ. ಆದರೆ ನೂರಾರು ಬಿಡಿಭಾಗಗಳಿರುವ ಆ ಹಲಗೆಯಲ್ಲಿ ಅನೇಕ ಬಾರಿ ಕೆಟ್ಟಿರುವುದು ಒಂದೆರಡು ಭಾಗ ಮಾತ್ರ. ಅವನ್ನು ಗುರುತಿಸಿ ಬದಲಿಸುವುದನ್ನು ಈ ವೃತ್ತಿಯವರು ‘ಚಿಪ್ ಲೆವೆಲ್ ರಿಪೇರಿ’ ಎನ್ನುತ್ತಾರೆ. ಅದರ ಕ್ರಮವನ್ನು ಅರಿತಿದ್ದರೆ ಎಲ್ಲಿ ಹಣ ಹೂಡಬೇಕು, ಎಲ್ಲಿ ನಿಲ್ಲಿಸಬೇಕು ಎಂಬುದನ್ನು ನಾವೇ ನಿರ್ಧರಿಸಬಹುದು.

ಮೊದಲು ಹೊರಗಿನ ಪರೀಕ್ಷೆ

ಬೋರ್ಡಿನ ಮೇಲೆ ತಪ್ಪು ಹೊರಿಸುವ ಮುನ್ನ ಸುತ್ತಲಿನ ಭಾಗಗಳನ್ನು ನೋಡಬೇಕು. ವಿದ್ಯುತ್ ಸಂಪರ್ಕ ತೆಗೆದು, ರ್‍ಯಾಮ್‌ನ ಹೊಂಬಣ್ಣದ ಅಂಚನ್ನು ಅಳಿಸುವ ರಬ್ಬರಿನಿಂದ ಮೃದುವಾಗಿ ಉಜ್ಜಿ ಮರಳಿ ಕೂರಿಸಿದರೆ ಹಲವು ಯಂತ್ರಗಳು ಮತ್ತೆ ಕೆಲಸ ಮಾಡುತ್ತವೆ. ದಿನಾಂಕವೂ ಸಮಯವೂ ಪದೇ ಪದೇ ತಪ್ಪುತ್ತಿದ್ದರೆ ನಾಣ್ಯದಾಕಾರದ 3 ವೋಲ್ಟಿನ ಸಿಆರ್2032 ಬ್ಯಾಟರಿ ಮುಗಿದಿರುವುದೇ ಸಾಮಾನ್ಯ ಕಾರಣ. ಎಸ್‌ಎಂಪಿಎಸ್‌ನಿಂದ ಬರುವ 12, 5 ಮತ್ತು 3.3 ವೋಲ್ಟುಗಳು ಶೇಕಡಾ 5ಕ್ಕಿಂತ ಹೆಚ್ಚು ಏರುಪೇರಾಗಬಾರದು. ಇದನ್ನು ಮಲ್ಟಿಮೀಟರ್ ತಿಳಿಸುತ್ತದೆ. ಆದರೆ ಎಸ್‌ಎಂಪಿಎಸ್ ಪೆಟ್ಟಿಗೆಯನ್ನು ಮಾತ್ರ ಮನೆಯಲ್ಲಿ ಬಿಚ್ಚಬಾರದು. ಪ್ಲಗ್ ಕಿತ್ತ ಮೇಲೂ ಅದರೊಳಗೆ ಪ್ರಾಣಾಂತಿಕ ವಿದ್ಯುತ್ ಉಳಿದಿರಬಹುದು.

ಬೋರ್ಡಿನ ಒಳಗೆ

ಕುಶಲಕರ್ಮಿ ಮೊದಲು ಕಣ್ಣಿನಿಂದಲೇ ಪರೀಕ್ಷಿಸುತ್ತಾನೆ. ನೆತ್ತಿ ಉಬ್ಬಿದ ಅಥವಾ ದ್ರವ ಸೋರಿದ ಕೆಪಾಸಿಟರ್ ಹಳೆಯ ಬೋರ್ಡುಗಳ ಪ್ರಸಿದ್ಧ ರೋಗ. 2000ದ ದಶಕದ ಆರಂಭದಲ್ಲಿ ಇದು ಜಗತ್ತಿನಾದ್ಯಂತ ಹಬ್ಬಿತ್ತು. ದೋಷವುಳ್ಳ ಬೋರ್ಡುಗಳ ವೆಚ್ಚಕ್ಕಾಗಿ ಡೆಲ್ ಸಂಸ್ಥೆ 2005ರಲ್ಲಿ 30 ಕೋಟಿ ಡಾಲರ್ ತೆಗೆದಿರಿಸಬೇಕಾಯಿತು. ಬದಲಿಗೆ ಹಾಕುವ ಕೆಪಾಸಿಟರಿನ ಧಾರಕತೆ ಸಮನಾಗಿರಬೇಕು, ವೋಲ್ಟೇಜ್ ಕಡಿಮೆಯಿರಬಾರದು, ಧನ-ಋಣ ತುದಿಗಳು ಅದಲುಬದಲಾಗಬಾರದು.

ಕಣ್ಣಿಗೆ ಕಾಣದ ದೋಷವೆಂದರೆ ಶಾರ್ಟ್. ಲ್ಯಾಪ್‌ಟಾಪಿನ ಸುಮಾರು 19 ವೋಲ್ಟಿನ ಪ್ರವೇಶಮಾರ್ಗದಲ್ಲಿ ಸಾಸಿವೆಗಾತ್ರದ ಒಂದು ಕೆಪಾಸಿಟರ್ ಅಥವಾ ಒಂದು ಮಾಸ್‌ಫೆಟ್ ಸುಟ್ಟರೂ ಇಡೀ ಯಂತ್ರ ನಿಲ್ಲುತ್ತದೆ. ಆ ಮಾರ್ಗಕ್ಕೆ ಅತಿ ಕಡಿಮೆ ವೋಲ್ಟೇಜ್ ಕೊಟ್ಟು, ಯಾವ ಭಾಗ ಬಿಸಿಯಾಗುತ್ತದೆಂದು ನೋಡಿ ದೋಷಿಯನ್ನು ಹಿಡಿಯುತ್ತಾರೆ. ನಾಸಿಕದ ಮಳೆಗಾಲದ ತೇವವೂ ಮರಾಠವಾಡದ ಬೇಸಿಗೆಯ ಧೂಳೂ ಇಂಥ ತೊಂದರೆಗಳಿಗೆ ಇಂಬು ಕೊಡುತ್ತವೆ.

ದೊಡ್ಡ ಚಿಪ್‌ಗಳ ಮಾತು ಬೇರೆ. ಅವುಗಳ ಅಡಿಯ ಸೀಸರಹಿತ ಬೆಸುಗೆ ಕರಗಲು ಸುಮಾರು 217 ಡಿಗ್ರಿ ಸೆಲ್ಸಿಯಸ್ ಬೇಕು. ಚಿಪ್ಪಿಗೆ ಬರಿದೇ ಬಿಸಿಗಾಳಿ ಹಾಯಿಸಿ ‘ಸರಿಯಾಯಿತು’ ಎಂದರೆ ಆ ಗುಣ ಬಹುಮಟ್ಟಿಗೆ ತಾತ್ಕಾಲಿಕ. ಅದಕ್ಕೆ ಹೆಚ್ಚು ಹಣ ತೆರುವುದು ಜಾಣತನವಲ್ಲ.

ನಿಜವಾದ ನಷ್ಟ ಯಾವುದು?

ಬೋರ್ಡಿನ ಬೆಲೆಗಿಂತ ದೊಡ್ಡದು ಅದರೊಂದಿಗೆ ಹೋಗುವ ಮದುವೆಯ ಚಿತ್ರಗಳು, ಊರಿನ ಹಿರಿಯರ ಧ್ವನಿಮುದ್ರಣಗಳು. ಬಿಚ್ಚಬಹುದಾದ ಡಿಸ್ಕನ್ನು ಬೇರೆ ಯಂತ್ರಕ್ಕೆ ಜೋಡಿಸಿ ಓದಬಹುದು. ಆದರೆ ಕೆಲವು ಹೊಸ ಲ್ಯಾಪ್‌ಟಾಪುಗಳಲ್ಲಿ ಸ್ಮೃತಿಭಂಡಾರವನ್ನು ಬೋರ್ಡಿಗೇ ಬೆಸೆದಿರುತ್ತಾರೆ. ಅಲ್ಲಿ ಬೋರ್ಡ್ ಬದಲಿಸಿದರೆ ಮಾಹಿತಿಯೂ ಹೋದಂತೆ. ಚಿಪ್ ಲೆವೆಲ್ ದುರಸ್ತಿಯೇ ಉಳಿದ ದಾರಿ.

ಆದ್ದರಿಂದ ಯಂತ್ರ ಒಪ್ಪಿಸುವಾಗ ‘ಕುಠಲಾ ಪಾರ್ಟ್ ಗೇಲಾ?’ ಎಂದು ಕೇಳೋಣ. ತೆಗೆದ ಭಾಗವನ್ನು ತೋರಿಸಲು ಹೇಳೋಣ. ವೆಚ್ಚವನ್ನೂ ದುರಸ್ತಿಯ ಖಾತರಿಯನ್ನೂ ಬರೆಸಿಕೊಳ್ಳೋಣ. ಮಾಹಿತಿಯನ್ನು ಅಳಿಸಕೂಡದೆಂದು ಮೊದಲೇ ತಿಳಿಸೋಣ. ಕೇಂದ್ರ ಸರ್ಕಾರ 2022ರ ಡಿಸೆಂಬರ್ 24ರಂದು ಆರಂಭಿಸಿದ ‘ರೈಟ್ ಟು ರಿಪೇರ್’ ತಾಣವೂ ದುರಸ್ತಿ ಗ್ರಾಹಕರ ಹಕ್ಕೆಂಬ ಭಾವನೆಯಿಂದಲೇ ಹುಟ್ಟಿದ್ದು.

ದುರಸ್ತಿ ಅಸಾಧ್ಯವಾದರೆ ಹಳೆಯ ಬೋರ್ಡನ್ನು ಗುಜರಿಗೆ ಹಾಕದೆ ಅಧಿಕೃತ ಇ-ತ್ಯಾಜ್ಯ ಸಂಗ್ರಾಹಕರಿಗೆ ಕೊಡುವುದು ಲೇಸು. ಅದರಲ್ಲಿ ತಾಮ್ರ, ಚಿನ್ನಗಳಂತೆ ವಿಷಕಾರಿ ವಸ್ತುಗಳೂ ಇರುತ್ತವೆ. ಎಲ್ಲಕ್ಕಿಂತ ಮೊದಲು, ಯಂತ್ರ ಸುಸ್ಥಿತಿಯಲ್ಲಿರುವಾಗಲೇ ಬೆಲೆಬಾಳುವ ಮಾಹಿತಿಯ ಮತ್ತೊಂದು ಪ್ರತಿಯನ್ನು ಬೇರೆಡೆ ತೆಗೆದಿಡೋಣ.