ನಾಲ್ಕು ವಾರದ ಲೆಕ್ಕ, ಸಿರಿಂಜಿನ ಗೆರೆ

ತೂಕ ಇಳಿಸುವ ಚುಚ್ಚುಮದ್ದು ಶುರುಮಾಡಿದ ಅನೇಕರು ಎರಡನೇ ವಾರಕ್ಕೇ ಕೇಳುತ್ತಾರೆ: ಹಸಿವು ಅಷ್ಟೇನೂ ತಗ್ಗಿಲ್ಲ, ಡೋಸ್ ಏರಿಸಿಕೊಳ್ಳಬಹುದೇ? ಸೂಜಿಯ ಭಯ ಹೋಗಿದೆ, ಮನೆಯಲ್ಲಿ ಮದುವೆ ಹತ್ತಿರ ಬರುತ್ತಿದೆ, ನಾಲ್ಕು ವಾರ ಒಂದೇ ಡೋಸಿನಲ್ಲಿ ಕಾಯುವುದು ಸುಮ್ಮನೆ ಕಾಲಹರಣವೆನಿಸುತ್ತದೆ. ಆದರೆ ಆ ನಾಲ್ಕು ವಾರಗಳಲ್ಲಿ ಮೈಯೊಳಗಿನ ಔಷಧ ಇದ್ದಷ್ಟೇ ಇರುವುದಿಲ್ಲ. ಡೋಸ್ ಬದಲಾಗದಿದ್ದರೂ ಅದು ವಾರವಾರವೂ ಏರುತ್ತಿರುತ್ತದೆ.

ಕಾರಣ ಈ ಔಷಧದ ಹುಟ್ಟಿನಲ್ಲಿದೆ. ಊಟ ಮಾಡಿದಾಗ ನಮ್ಮ ಕರುಳು ಜಿಎಲ್‌ಪಿ-1 ಎಂಬ ಹಾರ್ಮೋನನ್ನು ಸುರಿಸುತ್ತದೆ. ಅದು ಮೇದೋಜೀರಕ ಗ್ರಂಥಿಯಿಂದ ಇನ್ಸುಲಿನ್ ಹೊರಡಿಸುತ್ತದೆ, ಜಠರ ಖಾಲಿಯಾಗುವುದನ್ನು ನಿಧಾನಗೊಳಿಸುತ್ತದೆ, ಮಿದುಳಿಗೆ ‘ಸಾಕು’ ಎಂಬ ಸುದ್ದಿ ಮುಟ್ಟಿಸುತ್ತದೆ. ತೊಂದರೆಯೆಂದರೆ ಡಿಪಿಪಿ-4 ಎಂಬ ಕಿಣ್ವ ಅದನ್ನು ಕತ್ತರಿಸಿಬಿಡುತ್ತದೆ. ಸುಮಾರು ಎರಡೇ ನಿಮಿಷದಲ್ಲಿ ರಕ್ತದಲ್ಲಿನ ಅರ್ಧದಷ್ಟು ಮಾಯ. ಹೀಗಾಗಿ ಅದನ್ನೇ ಔಷಧವಾಗಿ ಕೊಡುವಂತಿರಲಿಲ್ಲ. 1990ರ ದಶಕದ ಆರಂಭದಲ್ಲಿ ಅಮೆರಿಕದ ವೈದ್ಯ ಜಾನ್ ಎಂಗ್ ಅವರಿಗೆ ಗಿಲಾ ಮಾನ್‌ಸ್ಟರ್ ಎಂಬ ಮರುಭೂಮಿಯ ಹಲ್ಲಿಯ ವಿಷದಲ್ಲಿ ಇಂಥದ್ದೇ ಒಂದು ಪೆಪ್ಟೈಡ್ ಸಿಕ್ಕಿತು. ಈ ಕಿಣ್ವದ ಕತ್ತರಿಗೆ ಅದು ಅಷ್ಟು ಸುಲಭವಾಗಿ ಸಿಗುತ್ತಿರಲಿಲ್ಲ. ಅದರಿಂದ ಬಂದ ಎಕ್ಸೆನಟೈಡ್ 2005ರಲ್ಲಿ ಮಧುಮೇಹದ ಔಷಧವಾಯಿತು, ಆದರೆ ದಿನಕ್ಕೆರಡು ಸಲ ಚುಚ್ಚಿಕೊಳ್ಳಬೇಕಿತ್ತು. ಮುಂದೆ ಡೆನ್ಮಾರ್ಕ್‌ನ ನೋವೊ ನಾರ್ಡಿಸ್ಕ್ ಕಂಪನಿಯ ವಿಜ್ಞಾನಿಗಳು ಹಾರ್ಮೋನಿಗೆ ಕೊಬ್ಬಿನಾಮ್ಲದ ಬಾಲವೊಂದನ್ನು ಜೋಡಿಸಿದರು. ಆ ಬಾಲ ರಕ್ತದ ಆಲ್ಬುಮಿನ್ ಪ್ರೋಟೀನಿಗೆ ಅಂಟಿಕೊಂಡು ತಿರುಗಾಡುವುದರಿಂದ ಮೂತ್ರಪಿಂಡ ಅದನ್ನು ಬೇಗ ಸೋಸಿ ಹಾಕಲಾರದು. ಸೆಮಾಗ್ಲುಟೈಡ್ ಹೀಗೆ ಹುಟ್ಟಿದ್ದು. ಅದರ ಅರ್ಧಾಯು, ಅಂದರೆ ಮೈಯಲ್ಲಿರುವುದು ಅರ್ಧಕ್ಕಿಳಿಯಲು ಬೇಕಾದ ಕಾಲ, ಸುಮಾರು ಒಂದು ವಾರ. ಜಿಎಲ್‌ಪಿ-1ರ ಜೊತೆಗೆ ಜಿಐಪಿ ಎಂಬ ಇನ್ನೊಂದು ಹಾರ್ಮೋನಿನ ಕೆಲಸವನ್ನೂ ಮಾಡುವ ಟಿರ್ಜೆಪಟೈಡಿನದು ಸುಮಾರು ಐದು ದಿನ.

ಈಗ ಲೆಕ್ಕ ಹಾಕೋಣ. ಮೊದಲ ವಾರ 0.25 ಮಿಲಿಗ್ರಾಂ ಸೆಮಾಗ್ಲುಟೈಡ್ ತೆಗೆದುಕೊಂಡಿರಿ. ಮುಂದಿನ ವಾರ ಅದರಲ್ಲಿ ಅರ್ಧ ಉಳಿದಿರುತ್ತದೆ. ಅದರ ಮೇಲೆ ಇನ್ನೊಂದು 0.25 ಸೇರಿ 0.375. ಮೂರನೇ ವಾರ ಸುಮಾರು 0.44, ನಾಲ್ಕನೇ ವಾರ 0.47. ಹೋಗುತ್ತಾ ಹೋಗುತ್ತಾ ಅದು 0.5ರ ಹತ್ತಿರ ನಿಲ್ಲುತ್ತದೆ. ಚೀಟಿಯಲ್ಲಿ ಬರೆದ ಡೋಸ್ ಒಂದೇ ಆದರೂ ಮೈಯಲ್ಲಿರುವುದು ಹೆಚ್ಚುಕಡಿಮೆ ಇಮ್ಮಡಿ. ಎರಡನೇ ವಾರಕ್ಕೇ ಡೋಸ್ ಏರಿಸಿಕೊಂಡವರು ಇನ್ನೂ ತುಂಬುತ್ತಿರುವ ಹಂಡೆಯ ನಲ್ಲಿಯನ್ನು ಮತ್ತಷ್ಟು ತಿರುಗಿಸಿದಂತೆ.

ಡೋಸನ್ನು ಮೆಟ್ಟಿಲು ಮೆಟ್ಟಿಲಾಗಿ ಏರಿಸಬೇಕಾಗಿರುವುದು ಮಿದುಳಿನ ಕಾರಣಕ್ಕೂ ಹೌದು. ಮಿದುಳಿಗೆ ರಕ್ತದಿಂದ ಕಾವಲಾಗಿ ನಿಂತ ತಡೆ ವಾಂತಿಯ ಸಂಕೇತ ಹೊರಡುವ ಒಂದು ಪುಟ್ಟ ಜಾಗದಲ್ಲಿ ಸಡಿಲವಾಗಿದೆ. ರಕ್ತದಲ್ಲಿ ವಿಷ ಬಂದರೆ ಕೂಡಲೇ ಗೊತ್ತಾಗಲೆಂದು ಇರುವ ಏರ್ಪಾಡು ಅದು. ಜಿಎಲ್‌ಪಿ-1 ಕೂರುವ ಗ್ರಾಹಿಗಳು ಅಲ್ಲಿಯೂ ಇವೆ. ಔಷಧ ಒಮ್ಮೆಲೇ ಏರಿದರೆ ವಾಕರಿಕೆ, ವಾಂತಿ. ನಿಧಾನವಾಗಿ ಏರಿದರೆ ದೇಹ ಒಗ್ಗಿಕೊಳ್ಳುತ್ತದೆ. ಅದಕ್ಕೇ ಸೆಮಾಗ್ಲುಟೈಡ್ 0.25ರಿಂದ 0.5, 1, 1.7, ಕೊನೆಗೆ 2.4 ಮಿಲಿಗ್ರಾಂ, ಪ್ರತಿ ಮೆಟ್ಟಿಲಿನಲ್ಲೂ ನಾಲ್ಕು ವಾರ. ಟಿರ್ಜೆಪಟೈಡ್ 2.5ರಿಂದ ಶುರುವಾಗಿ, ಒಂದೊಂದು ಮೆಟ್ಟಿಲಿನಲ್ಲಿ ಕನಿಷ್ಠ ನಾಲ್ಕು ವಾರ ನಿಂತು, ಹೆಚ್ಚೆಂದರೆ 15ರವರೆಗೆ. ಕೊನೆಯ ಮೆಟ್ಟಿಲಿಗೆ ಎಲ್ಲರೂ ಹೋಗಬೇಕೆಂದೇನೂ ಇಲ್ಲ. 2021ರಲ್ಲಿ ಪ್ರಕಟವಾದ ‘ಸ್ಟೆಪ್ 1’ ಅಧ್ಯಯನದಲ್ಲಿ ಸೆಮಾಗ್ಲುಟೈಡ್ ಪಡೆದವರ ತೂಕ ಸರಾಸರಿ ಶೇ 14.9ರಷ್ಟು ಇಳಿದದ್ದು 68 ವಾರಗಳಲ್ಲಿ. ಅಷ್ಟು ದೀರ್ಘ ದಾರಿಯಲ್ಲಿ ಎರಡು ವಾರ ಉಳಿಸಿ ಸಿಗುವ ಲಾಭ ಏನೂ ಇಲ್ಲ.

ಮನೆಯಲ್ಲಿ ನಿಜವಾದ ಅಪಾಯವಿರುವುದು ಸಿರಿಂಜಿನಲ್ಲಿ. ಟಿರ್ಜೆಪಟೈಡ್ 2025ರ ಮಾರ್ಚ್‌ನಲ್ಲಿ ಮೌಂಜಾರೊ ಎಂಬ ಹೆಸರಿನಲ್ಲಿ ಭಾರತಕ್ಕೆ ಬಂದಾಗ ಮೊದಲು ಸಿಕ್ಕಿದ್ದು ಚುಚ್ಚುಮದ್ದಿನ ಪೆನ್ನಲ್ಲ, ಸಣ್ಣ ಸೀಸೆ: ಅರ್ಧ ಮಿಲಿಲೀಟರಿನಲ್ಲಿ ಒಂದು ವಾರದ ಪೂರ್ತಿ ಡೋಸ್. ಸೀಸೆಯೆಂದರೆ ಇನ್ಸುಲಿನ್ ಸಿರಿಂಜು ಬೇಕು. ಭಾರತದ ಔಷಧದಂಗಡಿಗಳಲ್ಲಿ ಅದು ಎರಡು ಬಗೆ. ಕೆಂಪು ಮುಚ್ಚಳದ ಯು-40ರಲ್ಲಿ ಒಂದು ಮಿಲಿಲೀಟರಿಗೆ 40 ಯೂನಿಟ್; ಕಿತ್ತಳೆ ಮುಚ್ಚಳದ ಯು-100ರಲ್ಲಿ 100 ಯೂನಿಟ್. ಸಿರಿಂಜಿನ ಗೆರೆಗಳು ತೋರಿಸುವುದು ಇನ್ಸುಲಿನ್ನಿನ ಯೂನಿಟ್ಟುಗಳನ್ನು. ತೂಕದ ಔಷಧಕ್ಕೆ ಯೂನಿಟ್ ಎಂಬುದೇ ಇಲ್ಲ, ಅದನ್ನು ಅಳೆಯುವುದು ಮಿಲಿಗ್ರಾಮಿನಲ್ಲಿ. ಅಮೆರಿಕದಲ್ಲಿರುವ ಸಂಬಂಧಿಕರು ಫೋನಿನಲ್ಲಿ ‘ಹತ್ತು ಯೂನಿಟ್ ತಗೋ’ ಎಂದರೆ, ಅವರ ಕೈಲಿರುವ ಯು-100ರಲ್ಲಿ ಅದು 0.1 ಮಿಲಿಲೀಟರ್. ಇಲ್ಲಿ ಯು-40ರಲ್ಲಿ ಎಳೆದರೆ 0.25. ಎರಡೂವರೆ ಪಟ್ಟು!

ಇದು ಕಲ್ಪನೆಯ ಭಯವಲ್ಲ. ಅಮೆರಿಕದಲ್ಲಿ ಔಷಧದ ಕೊರತೆಯಿದ್ದಾಗ ಕೆಲವು ಔಷಧಾಲಯಗಳು ಸೆಮಾಗ್ಲುಟೈಡನ್ನು ತಾವೇ ಸಿದ್ಧಪಡಿಸಿ ಸೀಸೆಗಳಲ್ಲಿ ಕೊಟ್ಟವು. ಮಿಲಿಗ್ರಾಂ, ಮಿಲಿಲೀಟರ್, ಯೂನಿಟ್ ಮೂರೂ ಕಲಸಿಹೋಗಿ ಕೆಲವರು ಐದರಿಂದ ಇಪ್ಪತ್ತು ಪಟ್ಟು ಹೆಚ್ಚು ಚುಚ್ಚಿಕೊಂಡರು ಎಂದು 2024ರ ಜುಲೈನಲ್ಲಿ ಅಲ್ಲಿನ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ ಎಚ್ಚರಿಸಿತು. ಕೆಲವರನ್ನು ಆಸ್ಪತ್ರೆಗೆ ಸೇರಿಸಬೇಕಾಯಿತು. ಅರ್ಧಾಯು ಒಂದು ವಾರವಾದ್ದರಿಂದ ಇಂಥ ತಪ್ಪು ಮರುದಿನಕ್ಕೆ ಇಳಿದುಹೋಗುವುದೂ ಇಲ್ಲ.

ಆನ್‌ಲೈನಿನಲ್ಲಿ ಸಿಗುವ ‘ಸಂಶೋಧನೆಗೆ ಮಾತ್ರ’ ಎಂದು ಬರೆದ ಔಷಧದ ಪುಡಿಯ ಕಥೆ ಇನ್ನೂ ಕೆಟ್ಟದ್ದು. ನೀರು ಬೆರೆಸುವುದು ಕೊಂಡವರ ಪಾಲಿಗೆ. ಅದೇ ಪುಡಿಗೆ ಒಂದು ಮಿಲಿಲೀಟರ್ ಬದಲು ಎರಡು ಸೇರಿಸಿದರೆ ಪ್ರತಿ ಗೆರೆಯ ಅರ್ಥವೇ ಅರ್ಧವಾಗುತ್ತದೆ. ಸೀಸೆಯ ಮೇಲೆ ಬರೆದಷ್ಟು ಔಷಧ ಒಳಗಿದೆಯೇ, ರೋಗಾಣುಗಳಿಲ್ಲವೇ ಎಂದು ನೋಡಿದವರು ಯಾರೂ ಇಲ್ಲ. ಅದನ್ನು ಕೊಳ್ಳಲೇಬೇಡಿ. ವೈದ್ಯರ ಚೀಟಿಯ ಮೇಲೆ ಬಂದದ್ದು ಸೀಸೆಯಾಗಿದ್ದರೆ, ಯಾವ ಸಿರಿಂಜು, ಎಷ್ಟು ಮಿಲಿಲೀಟರ್ ಎಂದು ಅವರ ಕೈಯಲ್ಲೇ ಬರೆಸಿಕೊಳ್ಳಿ, ಮೊದಲ ಸಲ ಅವರೆದುರೇ ಎಳೆದು ತೋರಿಸಿ. ಪೆನ್ನು ಬಂದಮೇಲೆ ಈ ಗೋಜಲು ಬಹಳಷ್ಟು ತಗ್ಗಿದೆ.

ಔಷಧವನ್ನು ಇಡಬೇಕಾದದ್ದು ಫ್ರಿಜ್ಜಿನಲ್ಲಿ, 2ರಿಂದ 8 ಡಿಗ್ರಿಯಲ್ಲಿ, ಫ್ರೀಜರಿನಲ್ಲಲ್ಲ. ಒಮ್ಮೆ ಹೆಪ್ಪುಗಟ್ಟಿದ್ದು ಕರಗಿ ತಿಳಿಯಾಗಿ ಕಂಡರೂ ಬಳಸಬಾರದು. ಹೊರಗೆ ಕೆಲವು ವಾರ ತಡೆಯುತ್ತದೆ ಎಂದು ಕರಪತ್ರ ಹೇಳುವುದು 30 ಡಿಗ್ರಿಯೊಳಗಿದ್ದರೆ ಮಾತ್ರ. ರಾಯಚೂರು, ಕಲಬುರಗಿಯ ಏಪ್ರಿಲ್ ಆ ಮಿತಿಯೊಳಗೆ ಇರುವುದಿಲ್ಲ. ಚುಚ್ಚುವ ಜಾಗ ಹೊಟ್ಟೆ ಅಥವಾ ತೊಡೆ, ವಾರವಾರವೂ ಬದಲಿಸಿ. ಒಬ್ಬರ ಪೆನ್ನನ್ನು ಇನ್ನೊಬ್ಬರು, ಸೂಜಿ ಬದಲಿಸಿದರೂ, ಬಳಸಬಾರದು.

ಬಿಡದೆ ಕಾಡುವ, ಬೆನ್ನಿಗೆ ಹರಡುವ ಹೊಟ್ಟೆನೋವು ಬಂದರೆ ಮುಂದಿನ ಡೋಸ್ ನಿಲ್ಲಿಸಿ ಆಸ್ಪತ್ರೆಗೆ ಹೋಗಿ; ಮೇದೋಜೀರಕ ಗ್ರಂಥಿಯ ಉರಿಯೂತವಿರಬಹುದು. ಇನ್ಸುಲಿನ್ ತೆಗೆದುಕೊಳ್ಳುವವರಿಗೆ ಸಕ್ಕರೆ ತೀರಾ ಇಳಿಯಬಹುದು. ಗರ್ಭಿಣಿಯರಿಗೆ, ಮನೆತನದಲ್ಲಿ ಮೆಡ್ಯುಲರಿ ಥೈರಾಯ್ಡ್ ಕ್ಯಾನ್ಸರ್ ಇದ್ದವರಿಗೆ ಈ ಔಷಧ ಸಲ್ಲದು. ಶಸ್ತ್ರಚಿಕಿತ್ಸೆಗೆ ಮೊದಲು ಅರಿವಳಿಕೆ ವೈದ್ಯರಿಗೆ ಹೇಳಲೇಬೇಕು, ಏಕೆಂದರೆ ಉಪವಾಸವಿದ್ದರೂ ಜಠರದಲ್ಲಿ ಊಟ ಉಳಿದಿರಬಹುದು.

ಊರಿಗೆ ಹೋದಾಗಲೋ ಹಣ ಸಾಲದೆಯೋ ಕೆಲವು ವಾರ ತಪ್ಪಿದರೆ ಅದೇ ಲೆಕ್ಕ ಹಿಮ್ಮುಖವಾಗಿ ಓಡುತ್ತದೆ. ಕೊನೆಯ ಡೋಸಿನಿಂದ ನಾಲ್ಕು ವಾರ ಕಳೆದರೆ ಮೈಯಲ್ಲಿ ಉಳಿಯುವ ಸೆಮಾಗ್ಲುಟೈಡ್ ಹದಿನಾರನೇ ಒಂದು ಪಾಲು, ಒಗ್ಗಿದ ಹೊಟ್ಟೆಯೂ ಮತ್ತೆ ಹೊಸದಾಗುತ್ತದೆ. ಬಿಟ್ಟಲ್ಲಿಂದಲೇ, 1.7ರಿಂದಲೋ 2.4ರಿಂದಲೋ, ಹಿಡಿದರೆ ಮೊದಲ ದಿನದ ದೇಹಕ್ಕೆ ಮೇಲಿನ ಮೆಟ್ಟಿಲಿನ ಡೋಸ್ ಕೊಟ್ಟಂತಾಗುತ್ತದೆ. ತಪ್ಪಿದ ದಿನಾಂಕಗಳನ್ನು ಬರೆದುಕೊಂಡು ವೈದ್ಯರ ಬಳಿ ಹೋಗಿ. ಹಲವು ಸಲ ಅವರು 0.25ರಿಂದಲೇ ಮತ್ತೆ ಶುರುಮಾಡಿಸುತ್ತಾರೆ.